ಒಂದೇ ಗೀಟು, ಎರಡು ಬಟ್ಟೆ

"ನಿನ್ನ ಮಾತ್ರೆ ತಿಂದು ನಾನೇನು ಹೆರಬೇಕಾಗಿದೆಯಾ?"

ಹಾಗೆಂದವಳು ಹಿರಿಯ ಸೊಸೆ. ಅವಳ ಕೈಯಲ್ಲಿ ದೊಡ್ಡ ಕತ್ತರಿ, ಮುಂದೆ ಹನ್ನೆರಡು ಅಡಿ ಉದ್ದದ ಮೇಜು, ಮೇಜಿನ ತುಂಬ ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ. ಮೇಜಿನ ಆಚೆ ಬದಿಗೆ ಕಿರಿಯ ಸೊಸೆ ಹಳೆಯ ಗುಂಡಿಡಬ್ಬಿಯೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಡಬ್ಬಿಯಲ್ಲಿ ಈಗ ಗುಂಡಿಗಳಿರಲಿಲ್ಲ. ಬಸುರಿಗೆಂದು ಕ್ಲಿನಿಕ್ಕಿನವರು ಕೊಟ್ಟ ಕೆಂಪು ಮಾತ್ರೆಗಳಿದ್ದವು.

"ನೀವು ತಿಂದ್ರಿ ಅಂತ ನಾನೆಲ್ಲಿ ಅಂದೆ ಅಕ್ಕಾ? ಎಣಿಸಿ ಇಟ್ಟಿದ್ದೆ, ಹನ್ನೊಂದು ಕಡಿಮೆ ಇದೆ ಅಂದೆ, ಅಷ್ಟೆ."

"ಎಣಿಸೋಳು. ಉಸಿರನ್ನೂ ಎಣಿಸಿ ಬಿಡೋಳು ನೀನು. ಮನೇಲಿ ಇಲಿ ಇದೆ, ತಿಂದಿರುತ್ತೆ."

"ಹೌದೌದು. ಮುಚ್ಚಳ ತೆಗೆದು, ಒಂದೇ ಒಂದು ತಿಂದು, ಮತ್ತೆ ಮುಚ್ಚಳ ಬಿಗಿಮಾಡಿ ಹೋಗೋ ಇಲಿ."

ಹೊಲಿಗೆಯಂತ್ರದ ಮುಂದೆ ಕುಳಿತಿದ್ದ ಅತ್ತೆ ಕಿಸಕ್ಕನೆ ನಕ್ಕಳು. ಆ ನಗು ಹಿರಿಯ ಸೊಸೆಯ ಬೆನ್ನಿಗೆ ಗುಂಡುಸೂಜಿಯಂತೆ ಚುಚ್ಚಿತು. ಯಾಕೆಂದರೆ ಆ ಇಲಿ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಲಿ ಆ ಹೊತ್ತಿನಲ್ಲಿ ಕತ್ತರಿ ಹಿಡಿದುಕೊಂಡು ನಿಂತಿತ್ತು, ಅದಕ್ಕೆ ಏಳು ತಿಂಗಳು ತುಂಬುತ್ತ ಬಂದಿತ್ತು, ಮತ್ತು ಅದು ಬಸುರಿಯೆಂದು ಅದರ ಗಂಡನೊಬ್ಬನನ್ನು ಬಿಟ್ಟು ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬೀದಿಯವರೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಅರ್ಧ ಅವಳ ಕೆಲಸಕ್ಕೆ, ಅರ್ಧ ಅವಳ ನಾಲಗೆಗೆ. ಅಳತೆ ಹಿಡಿಯುವುದು, ಬಟ್ಟೆ ಕತ್ತರಿಸುವುದು ಅವಳದು. ಹೊಲಿಯುವುದು ಅತ್ತೆಯದು. ಗುಂಡಿ, ಕಾಜ, ಇಸ್ತ್ರಿ ಕಿರಿಯವಳದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಗಳ ಕೆಲಸ ಬಂದಾಗ ನೂರಾರು ಅಂಗಿ ಒಟ್ಟಿಗೆ ಆಗಬೇಕಾದ್ದರಿಂದ ಕತ್ತರಿ ಎರಡು ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲಿನದಕ್ಕೆ ಮಾತ್ರ ಸೀಮೆಸುಣ್ಣದ ಗೀಟು ಹಾಕಿ, ಒಂದೇ ಸಲಕ್ಕೆ ಎರಡನ್ನೂ ಕತ್ತರಿಸುತ್ತಿದ್ದಳು. ಮೇಲಿನದು ಸರಿ ಬಂದರೆ ಕೆಳಗಿನದೂ ಸರಿ. ತವರಿನಲ್ಲೇ ಕತ್ತರಿ ಹಿಡಿದಂದಿನಿಂದ ಹದಿನೈದು ವರ್ಷದಲ್ಲಿ ಒಮ್ಮೆಯೂ ಅವಳು ಕೆಳಗಿನ ಬಟ್ಟೆಯನ್ನು ಬೇರೆಯಾಗಿ ತೆಗೆದು ಅಳೆದವಳಲ್ಲ.

ಈ ಮನೆಗೆ ಬಂದು ಅವಳಿಗೆ ಒಂಬತ್ತು ವರ್ಷ. ಎರಡು ಸಲ ಬಸುರಾದಳು. ಮೊದಲನೆಯದು ನಾಲ್ಕನೇ ತಿಂಗಳಲ್ಲಿ ಹೋಯಿತು. ಎರಡನೆಯದು ಐದು ತುಂಬಲು ಒಂದು ವಾರವಿದೆ ಎನ್ನುವಾಗ ಹೋಯಿತು. ಎರಡು ಸಲವೂ ಕ್ಲಿನಿಕ್ಕಿಗೆ ಹೋಗಿಬರಲೇ ಎಂದು ಅತ್ತೆಯನ್ನು ಕೇಳಿದ್ದಳು. ಐದು ತುಂಬಲಿ, ಆಮೇಲೆ ಹೋದರಾಯಿತು, ಈಗಲೇ ಹೋಗಿ ಏನು ತೋರಿಸುತ್ತೀಯೆ, ತೋರಿಸಲಿಕ್ಕೆ ಹೊಟ್ಟೆಯಾದರೂ ಬರಬೇಡವೇ ಎಂದು ಅತ್ತೆ ಎರಡು ಸಲವೂ ಒಂದೇ ಮಾತು ಹೇಳಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ತಾನು ಎರಡು ಹೆತ್ತದ್ದು ಹಾಗೆಯೇ ಎಂಬ ಧೈರ್ಯದಿಂದ. ಆದರೆ ಐದು ತುಂಬಲೇ ಇಲ್ಲ.

ಆಮೇಲೆ ಬಂದಳು ಈ ಕಿರಿಯವಳು. ಮದುವೆಯಾಗಿ ಹತ್ತು ತಿಂಗಳು, ಮುಟ್ಟು ಹನ್ನೆರಡು ದಿನ ತಡ. ಅಷ್ಟಕ್ಕೇ ಅತ್ತೆ ಕೈಲಿದ್ದ ಹೊಲಿಗೆ ಬಿಟ್ಟು, ಅಂಗಡಿಯ ಬಾಗಿಲು ಹಾಕಿ, ಸೊಸೆಯ ಕೈ ಹಿಡಿದು ಕ್ಲಿನಿಕ್ಕಿಗೆ ಕರೆದೊಯ್ದಳು. ಹಬೆಯ ಇಸ್ತ್ರಿ ಸಿಡಿದು ಕತ್ತರಿಯ ಕೈ ಸುಟ್ಟ ದಿನವೂ ಮುಚ್ಚದ ಅಂಗಡಿ ಅದು.

ತಮಾಷೆಯೆಂದರೆ ಆ ದಿನ ಕತ್ತರಿಗೂ ಮೂರು ವಾರ ತಡವಾಗಿತ್ತು. ಅಂದು ಸಂಜೆ ಅತ್ತೆಗೆ ಹೇಳಬೇಕೆಂದು ಬೆಳಗಿನಿಂದ ಮಾತು ಹೊಂದಿಸಿಕೊಳ್ಳುತ್ತಿದ್ದಳು. ಮುಚ್ಚಿದ ಅಂಗಡಿಯೊಳಗೆ ಒಬ್ಬಳೇ ಕುಳಿತು, ಅತ್ತೇ ಒಂದು ಮಾತು, ಎಂದು ಎರಡು ಸಲ ಮೆಲ್ಲಗೆ ಹೇಳಿಯೂ ನೋಡಿದ್ದಳು. ಅಷ್ಟರಲ್ಲಿ ಅವರಿಬ್ಬರೂ ಬಂದರು. ಕಿರಿಯವಳ ಕೈಯಲ್ಲಿ ಗುಲಾಬಿ ಬಣ್ಣದ ಕಾರ್ಡು. ಅತ್ತೆ ಗಿರಾಕಿಗಳ ಚೀಟಿಗಳನ್ನು ಸಿಕ್ಕಿಸುವ ಮೊಳೆಯಿಂದ ಚೀಟಿಗಳನ್ನೆಲ್ಲ ಕಿತ್ತು, ಆ ಕಾರ್ಡನ್ನು ಅಲ್ಲಿ ನೇತುಹಾಕಿದಳು. ಕತ್ತರಿಯ ಬಾಯಲ್ಲಿದ್ದ ಮಾತು ಬಾಯಲ್ಲೇ ಆರಿತು. ಈಗ ಹೇಳಿದರೆ ಏನಾಗುತ್ತದೆ? ಓ ನಿನಗೂನಾ, ಎನ್ನುತ್ತಾರೆ. ಅವಳ ಸುದ್ದಿಯ ಬಾಲಕ್ಕೆ ತನ್ನ ಸುದ್ದಿಯನ್ನು ಕಟ್ಟಿಕೊಂಡು ತಿರುಗಬೇಕು. ಇನ್ನೂ ಒಂದಿತ್ತು, ಅದನ್ನು ಅವಳು ತನಗೆ ತಾನೂ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಇದೂ ಹೋದರೆ? ಅವಳದು ಕಣ್ಣೆದುರಿಗೆ ಬೆಳೆಯುತ್ತ, ತನ್ನದು ಹೋಗಿ, ಬೀದಿಯ ಹೆಂಗಸರೆಲ್ಲ ಪಾಪ ಎನ್ನುತ್ತ ಬಂದರೆ?

ಅಂದಿನಿಂದ ಅವಳ ಹೊಟ್ಟೆಯಲ್ಲಿ ಮಗುವೂ ಕಿಚ್ಚೂ ಒಟ್ಟಿಗೇ ಬೆಳೆಯತೊಡಗಿದವು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಮಾತು ಕಡಿಮೆ. ಬಾಯಿ ಬಿಟ್ಟರೆ ಮನೆ ಬಿಟ್ಟು ಹೋಗುತ್ತೇನೆ ಎಂದು ಅವನ ಬಾಯಿಗೆ ಬೀಗ ಹಾಕಿದಳು. ಅವನು ಎರಡು ಸಲ, ಯಾರಿಗೂ ಗೊತ್ತಾಗದ ಹಾಗೆ ಊರಿನ ಆಚೆ ತುದಿಯ ಆಸ್ಪತ್ರೆಗಾದರೂ ಹೋಗಿಬರೋಣ ಎಂದ. ಆ ಕಿರಿಯವಳು ಹೋಗ್ತಿದ್ದಾಳಲ್ಲ ಸಾಕು, ಎಂದಳು. ಅವಳು ಹೋದರೆ ನಿನಗೆ ಹೇಗೆ ಸಾಕು ಎಂದು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು. ಮೇಲಿನದಕ್ಕೆ ಗೀಟು ಬಿದ್ದರೆ ಕೆಳಗಿನದಕ್ಕೂ ಬಿದ್ದಂತೆಯೇ.

ಕಾರ್ಡಿನಲ್ಲಿ ಕಿರಿಯವಳ ಕಡೆಯ ಮುಟ್ಟಿನ ತಾರೀಕು ಬರೆದಿತ್ತು. ಲೆಕ್ಕ ಹಾಕಿದರೆ ಕತ್ತರಿ ಅವಳಿಗಿಂತ ಒಂಬತ್ತು ದಿನ ಮುಂದೆ. ಒಂಬತ್ತು ದಿನ. ಆ ಒಂಬತ್ತು ದಿನವನ್ನು ಅವಳು ಬಾಯೊಳಗಿನ ಪೆಪ್ಪರಮಿಂಟಿನಂತೆ ತಿಂಗಳುಗಟ್ಟಲೆ ಚೀಪಿದಳು. ಅತ್ತೆ ಕಿರಿಯವಳಿಗೆ ಮೆತ್ತನೆಯ ಕುರ್ಚಿ ತರಿಸಿದಾಗ, ನಾನು ಒಂಬತ್ತು ದಿನ ಮುಂದೆ. ಮೈದುನ ಹೆಂಡತಿಗೆ ಚಪ್ಪಲಿ ತೊಡಿಸಲು ಬಗ್ಗಿದಾಗ, ಬಗ್ಗಪ್ಪ ಬಗ್ಗು, ನಾನು ಒಂಬತ್ತು ದಿನ ಮುಂದೆ.

ತಿಂಗಳಿಗೊಮ್ಮೆ ಕಿರಿಯವಳು ಕ್ಲಿನಿಕ್ಕಿಗೆ ಹೋಗಿಬಂದು ಅಲ್ಲಿ ಆದದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ದಾದಿ ಹೀಗಂದಳು, ರಕ್ತ ತೆಗೆದರು, ಎಡಮಗ್ಗುಲಿಗೆ ಮಲಗಬೇಕಂತೆ, ಹಸಿರು ಸೊಪ್ಪು ತಿನ್ನಬೇಕಂತೆ, ಕೈ ಮುಖ ಊದಿಕೊಂಡರೆ, ತಲೆ ಸಿಡಿದರೆ, ಕಣ್ಣೆದುರು ಕಿಡಿ ಹಾರಿದಂತಾದರೆ ಆ ಕ್ಷಣವೇ ಓಡಿ ಬರಬೇಕಂತೆ. ಕತ್ತರಿಗೆ ಒಂದೊಂದು ಮಾತೂ ಬೇಕು. ಆದರೆ ಕೇಳಿಸಿಕೊಳ್ಳುತ್ತಿದ್ದಾಳೆಂದು ಅವರಿಗೆ ತಿಳಿಯಬಾರದು. ಅದಕ್ಕೆ ಬೇಡದ ಚಿಂದಿಯನ್ನು ಯಂತ್ರಕ್ಕೆ ಕೊಟ್ಟು ಸುಮ್ಮನೆ ಪೆಡಲು ತುಳಿಯುತ್ತ ಕೂರುತ್ತಿದ್ದಳು. ಆ ಸದ್ದಿನಲ್ಲಿ ಅರ್ಧ ಮಾತು ಕೇಳಿಸುತ್ತಿತ್ತು, ಅರ್ಧ ಹೊಲಿದುಹೋಗುತ್ತಿತ್ತು. ಎಡಮಗ್ಗುಲು ಕೇಳಿಸಿತು, ಸೊಪ್ಪು ಕೇಳಿಸಿತು. ಎರಡನ್ನೂ ಚಾಚೂ ತಪ್ಪದೆ ಮಾಡಿದಳು. ಕಿರಿಯವಳು ಸ್ನಾನಕ್ಕೆ ಹೋದಾಗ ಕಾರ್ಡು ತೆಗೆದು ಓದುತ್ತಿದ್ದಳು. ರಕ್ತದ ಒತ್ತಡ ನೂರಹತ್ತು, ಎಪ್ಪತ್ತು, ಚೆನ್ನಾಗಿದೆ. ಸರಿ, ನಂದೂ ಚೆನ್ನಾಗಿದೆ. ಆಗಾಗ ಒಂದು ಕೆಂಪು ಮಾತ್ರೆ. ಅವಳ ಒಡವೆ ಕದ್ದಷ್ಟೇ ಸುಖವಾಗುತ್ತಿತ್ತು ಅದನ್ನು ನುಂಗುವಾಗ.

ಉಳಿದದ್ದಕ್ಕೆ ಟೇಪು ಇತ್ತು. ಪ್ರತಿ ಭಾನುವಾರ ಬಾಗಿಲು ಹಾಕಿಕೊಂಡು ಹೊಕ್ಕುಳ ಮೇಲೆ ಸುತ್ತಲೂ ಟೇಪು ಬಿಗಿದು, ಇಂಚು ನೋಡಿ, ಮೇಜಿನ ಅಡಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಕಿರಿಯವಳ ಬಟ್ಟೆಗಳನ್ನು ತಿಂಗಳಿಗೊಮ್ಮೆ ಸಡಿಲಿಸಿ ಕೊಡುವ ಕೆಲಸವೂ ಅವಳದೇ ಆದ್ದರಿಂದ ಆ ಅಳತೆಯೂ ಸಿಗುತ್ತಿತ್ತು. ಕಿರಿಯವಳು ಮದುವೆಯಾಗಿ ಬಂದಾಗ ಇಬ್ಬರದೂ ಒಂದೇ ಸೊಂಟ. ಈಗ ಕಿರಿಯವಳದು ಮೂವತ್ತಾರೂವರೆ. ಕತ್ತರಿಯದು ಮೂವತ್ತೊಂಬತ್ತು. ಕಳೆದ ಎರಡು ವಾರದಲ್ಲೇ ಎರಡು ಇಂಚು. ಅದನ್ನು ಬರೆದ ದಿನ ಅವಳು ಮೇಜಿನ ಕೆಳಗೆ ಕುಳಿತು ಒಬ್ಬಳೇ ನಕ್ಕಳು. ಬೆಳೆಯಲಿ, ನನ್ನ ರಾಜಕುಮಾರಿ. ಅವಳದು ಕಡಲೆಬೀಜ, ನಂದು ಕುಂಬಳಕಾಯಿ. ಹೊಟ್ಟೆ ಮುಚ್ಚಿಡುವುದು ಹೇಗೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಭುಜವೂ ಅಗಲ, ಮೇಲೆ ತಾನೇ ಕತ್ತರಿಸಿದ, ಎದೆಯಿಂದ ನೆರಿಗೆ ಬಿಟ್ಟ ಏಪ್ರನ್ನು. ಮೇಲಾಗಿ ಆ ಮನೆಯಲ್ಲಿ ಅವಳ ಹೊಟ್ಟೆಯ ಕಡೆ ಕಣ್ಣು ಹಾಕಲು ಯಾರಿಗೆ ಪುರಸೊತ್ತಿತ್ತು?

ಐದು ತುಂಬಿದಾಗ ಹೇಳಿಬಿಡಬೇಕೆಂದುಕೊಂಡಳು. ಆ ವಾರ ಕಿರಿಯವಳಿಗೆ ಹೊಸ ಹಾಸಿಗೆ ಬಂತು, ಅದರದೇ ಗದ್ದಲ. ಆರಕ್ಕೆ ಹೇಳೋಣವೆಂದರೆ ಅವಳ ಮಗು ಒದ್ದ ಸಂಭ್ರಮ. ತನ್ನದು ಒಂದು ವಾರ ಮೊದಲೇ ಒದ್ದಿತ್ತು. ಕೊನೆಗೆ ಏಳು ತುಂಬಲಿ, ಎಲ್ಲರೂ ಬೆಚ್ಚಿಬೀಳಲಿ ಎಂದು ಮನಸ್ಸು ಮಾಡಿದ್ದಳು. ಅದಕ್ಕೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಈ ಮಾತ್ರೆಯ ಜಗಳ.

ಜಗಳ ಅಲ್ಲಿಗೇ ನಿಲ್ಲಲಿಲ್ಲ. ಅತ್ತೆ ನಕ್ಕದ್ದು ಕತ್ತರಿಗೆ ಸಹಿಸಲಾಗಲಿಲ್ಲ. ಬಂಜೆ ಕದ್ದಳು ಅಂತ ನೇರವಾಗಿ ಹೇಳಿ, ಯಾಕೆ ನಗ್ತೀರಿ ಎಂದಳು. ಅತ್ತೆ, ಆ ಮಾತನ್ನು ಈ ಮನೆಯಲ್ಲಿ ಯಾರೂ ಆಡಿಲ್ಲ, ನೀನೇ ಆಡಿಕೊಂಡು ನೀನೇ ಅಳಬೇಡ ಎಂದಳು. ಕಿರಿಯವಳು ಹೋಗಲಿ ಬಿಡಿ ಅಕ್ಕ, ಹನ್ನೊಂದು ಮಾತ್ರೆಯ ವಿಷಯ ಎಂದು ದೊಡ್ಡ ಮನಸ್ಸು ತೋರಿಸಿದಳು. ಆ ದೊಡ್ಡ ಮನಸ್ಸೇ ಎಲ್ಲಕ್ಕಿಂತ ಹೆಚ್ಚು ಉರಿಸಿತು. ಕತ್ತರಿ ಕೈಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋಗಬೇಕೆಂದು ಕೈ ಬೀಸಿದಳು. ಹಿಡಿದ ಕತ್ತರಿ ಕೈ ಬಿಡಲಿಲ್ಲ.

ಹೆಬ್ಬೆರಳು ಅದರ ಹಿಡಿಯ ಬಳೆಯಲ್ಲಿ ಸಿಕ್ಕಿಕೊಂಡಿತ್ತು. ಎಳೆದಳು, ಬರಲಿಲ್ಲ. ತಿರುಗಿಸಿದಳು, ಚರ್ಮ ಬಿಳಿಚಿಕೊಂಡಿತು. ಹದಿನೈದು ವರ್ಷ ಸಡಿಲವಾಗಿ ಆಡಿದ ಬಳೆ. ಬೆರಳು ಉಬ್ಬಿದ ಬನ್ನಿನಂತೆ ಅದರ ಎರಡು ಕಡೆಗೂ ತುಳುಕುತ್ತಿತ್ತು. ಜಗಳವೆಲ್ಲ ನಿಂತು ಮೂವರೂ ಆ ಬೆರಳನ್ನೇ ನೋಡಿದರು.

ಕಿರಿಯವಳು ಮೇಜನ್ನು ಬಳಸಿ ಬಂದಳು. ಬೆರಳು ನೋಡಿದಳು, ಆಮೇಲೆ ಮುಖ ನೋಡಿದಳು, ಆಮೇಲೆ ನೆರಿಗೆಯ ಏಪ್ರನ್ನನ್ನು ನೋಡಿದಳು. ಎಣಿಸುವ ಬುದ್ಧಿಯವಳು. ಅವಳ ಮುಖದಲ್ಲಿ ಲೆಕ್ಕ ಕೂಡುತ್ತಿರುವುದು ಕಾಣಿಸುತ್ತಿತ್ತು.

"ಅಕ್ಕಾ," ಎಂದಳು ಮೆಲ್ಲಗೆ, "ಎಷ್ಟು ತಿಂಗಳು?"

ಸುಳ್ಳು ಹೇಳಲು ಕತ್ತರಿಗೆ ಉಸಿರು ಸಿಗಲಿಲ್ಲ. "ನಿನಗಿಂತ ಒಂಬತ್ತು ದಿನ ಮುಂದೆ."

ಅತ್ತೆಯ ಯಂತ್ರದ ಚಕ್ರ ತಾನಾಗಿ ತಿರುಗಿ ನಿಂತಿತು. ಮೊದಲು ಅವಳ ಮುಖ ಅರಳಿತು, ಆ ಮೇಲೆ ಕಪ್ಪಿಟ್ಟಿತು. ಇಷ್ಟು ದಿನ ಒಂದು ಮಾತು ಹೇಳಬಾರದಿತ್ತೇ, ಇವಳ ಜೊತೆಗೆ ನಿನ್ನನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲವೇ ಎಂದಳು.

"ನನ್ನ ಎರಡಕ್ಕೂ ಐದು ತುಂಬಲಿ ಅಂದ್ರಿ. ಇವಳಿಗೆ ಹನ್ನೆರಡು ದಿನಕ್ಕೇ ಅಂಗಡಿ ಬಾಗಿಲು ಹಾಕಿದ್ರಿ."

ಅತ್ತೆ ತಲೆ ತಗ್ಗಿಸಿದಳು. ಹೊಲಿಯುತ್ತಿದ್ದ ಕಾಲರಿನ ತುದಿಯನ್ನು ಉಗುರಿನಿಂದ ತೀಡುತ್ತ ಹೇಳಿದಳು, "ನಿನ್ನವು ಎರಡು ಹೋದ ಮೇಲೇ ಕಣೆ ನನಗೆ ಬುದ್ಧಿ ಬಂದದ್ದು."

"ಬಂತು. ಬಂದು ಇವಳಿಗೆ ಸಿಕ್ತು."

ಕಿರಿಯವಳು ಸೋಪು ನೀರು ತಂದು ಹೆಬ್ಬೆರಳಿಗೆ ಸವರಿ ಕತ್ತರಿಯನ್ನು ಬಿಡಿಸಿದಳು. ತಲೆನೋವಿದೆಯೇ ಎಂದಳು. ಎರಡು ವಾರದಿಂದ ಇತ್ತು. ನಿನ್ನ ವಟವಟ ಕೇಳಿ ಬಂದದ್ದು ಎಂದಳು ಕತ್ತರಿ. ಕಣ್ಣೆದುರು ಕಿಡಿ? ನಿನ್ನೆಯಿಂದ. ಕಿರಿಯವಳು ಮೊಳೆಯಿಂದ ತನ್ನ ಕಾರ್ಡನ್ನು ಕಿತ್ತುಕೊಂಡು, ಓರಗಿತ್ತಿಯ ರಟ್ಟೆ ಹಿಡಿದು ಬೀದಿಗಿಳಿದಳು. ಬಿಡು, ನಾನು ಬರೋದಿಲ್ಲ, ನಿನ್ನ ಕ್ಲಿನಿಕ್ಕಿಗೆ ನೀನೇ ಹೋಗು ಎಂದು ಕತ್ತರಿ ಎರಡು ಸಲ ಕೈ ಕೊಸರಿದಳು. ಮೂರನೆಯ ಸಲ ಕೊಸರಲು ಆಗಲಿಲ್ಲ, ಬೀದಿ ಓಲಾಡುತ್ತಿತ್ತು.

ಕ್ಲಿನಿಕ್ಕಿನಲ್ಲಿ ಉದ್ದನೆಯ ಬೆಂಚು, ಹಸಿರು ಪರದೆ, ತೂಕದ ಯಂತ್ರ. ಇಷ್ಟು ದಿನ ಮಾತಿನಲ್ಲಿ ಕೇಳಿದ್ದೆಲ್ಲ ಎದುರಿಗಿತ್ತು. ದಾದಿ ಕಾರ್ಡು ಎಲ್ಲಿ ಎಂದಳು. ಕಾರ್ಡು ಇಲ್ಲ, ಆದರೆ ಇವಳ ಕಾರ್ಡಿನಲ್ಲಿ ಇರೋದನ್ನೆಲ್ಲ ನಾನೂ ಮಾಡಿದ್ದೀನಿ ಎಂದಳು ಕತ್ತರಿ, ಸ್ವಲ್ಪ ಬಿಂಕದಿಂದಲೇ.

"ಇವರ ಕಾರ್ಡಲ್ಲಿ ಇವರಿದ್ದಾರೆ," ಎಂದಳು ದಾದಿ. "ನೀವೆಲ್ಲಿದ್ದೀರಿ?"

ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮುಳ್ಳು ನೋಡಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದಳು. ನೂರೆಪ್ಪತ್ತು, ನೂರಹದಿನೈದು ಎಂದು ಒಂದು ಹೊಸ ಗುಲಾಬಿ ಕಾರ್ಡಿನ ಮೊದಲ ಸಾಲಿನಲ್ಲಿ ಬರೆದಳು. ಆಮೇಲೆ ಮಲಗಿಸಿ ಜೇಬಿನಿಂದ ಟೇಪು ತೆಗೆದಳು. ಕತ್ತರಿಗೆ ಅಷ್ಟು ಭಯದಲ್ಲೂ ಒಂದು ಹಿಗ್ಗು ಬಂತು. ಟೇಪು ಅಂದರೆ ತನ್ನ ಸಾಮಾನು. ಮೂವತ್ತೊಂಬತ್ತು ಬರುತ್ತೆ, ಬರ್ಕೊಳ್ಳಿ ಎಂದಳು.

ದಾದಿ ಟೇಪನ್ನು ಸುತ್ತಲೂ ಹಿಡಿಯಲಿಲ್ಲ. ಕೆಳಹೊಟ್ಟೆಯ ಮೂಳೆಯ ಮೇಲೆ ಒಂದು ತುದಿ ಒತ್ತಿ, ಉದ್ದಕ್ಕೆ ಮೇಲಕ್ಕೆ ಹಿಡಿದಳು. ಗರ್ಭ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಬೆರಳಿಟ್ಟು ಸಂಖ್ಯೆ ನೋಡಿ, ಮುಖ ಗಂಟಿಕ್ಕಿದಳು. ಮಗು ತಿಂಗಳಿಗೆ ತಕ್ಕಷ್ಟು ಇಲ್ಲ, ತುಂಬ ಸಣ್ಣದಾಗಿದೆ ಎಂದಳು. ಸುತ್ತಳತೆ ಹೆಚ್ಚಾಗಿದ್ದು ಮಗುವಿನಿಂದಲ್ಲ, ಮೈತುಂಬ ತುಂಬಿಕೊಂಡ ನೀರಿನಿಂದ. ಅದೇ ಟೇಪು, ಅವೇ ಗೆರೆಗಳು. ಹಿಡಿಯುವ ದಿಕ್ಕು ಮಾತ್ರ ಬೇರೆ. ಕತ್ತರಿ ಆ ಟೇಪನ್ನು ನೋಡುತ್ತ ಮಲಗಿದ್ದಳು. ಮೇಜಿನ ಅಡಿಹಲಗೆಯ ಮೇಲೆ ತಾನು ನಕ್ಕುನಕ್ಕು ಬರೆದ ಇಂಚುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಷ್ಟು ಉಬ್ಬಿದರೆ ಅಷ್ಟು ಗೆದ್ದೆ ಎಂದುಕೊಂಡಿದ್ದಳು.

ಡಾಕ್ಟರು ನರೆಗೂದಲಿನ ಹೆಂಗಸು. ಹಿಂದೆ ಎರಡು ಹೋದದ್ದನ್ನು ಕೇಳಿ ಪೆನ್ನು ಕೆಳಗಿಟ್ಟರು. ಇಂಥವರ ಒತ್ತಡವನ್ನು ಮೊದಲ ತಿಂಗಳುಗಳಿಂದ ನೋಡುತ್ತ ಬರಬೇಕು, ನಾಲ್ಕು ತುಂಬುವ ಮೊದಲೇ ಶುರುಮಾಡುವ ಒಂದು ಸಣ್ಣ ಮಾತ್ರೆ ಇದೆ, ಅದು ಎಷ್ಟೋ ಜನಕ್ಕೆ ಒತ್ತಡ ಹೀಗೆ ಏರದಂತೆ ತಡೆಯುತ್ತದೆ, ಈಗ ಕೊಟ್ಟು ಪ್ರಯೋಜನವಿಲ್ಲ ಎಂದರು.

"ಎರಡು ಕಳ್ಕೊಂಡೋರು ಎಲ್ಲರಿಗಿಂತ ಮೊದಲು ಬರಬೇಕಮ್ಮ. ನೀವು ಎಲ್ಲರಿಗಿಂತ ಕೊನೇಲಿ ಬಂದಿದ್ದೀರಿ. ಹೇಗೂ ಬಂದಿರಲ್ಲ. ಇನ್ನು ಒಂದು ಗಂಟೆ ತಡ ಮಾಡೋದು ಬೇಡ."

ದೊಡ್ಡ ಆಸ್ಪತ್ರೆಗೆ ವ್ಯಾನು ತರಿಸಿದರು. ಕಿರಿಯವಳು ಏಳು ತಿಂಗಳ ಹೊಟ್ಟೆ ಹೊತ್ತು ಪಕ್ಕದಲ್ಲಿ ಹತ್ತಿ ಕುಳಿತಳು. ದಾರಿಯುದ್ದಕ್ಕೂ ಒರಗಿಸಿಕೊಂಡಿದ್ದಳು. ಅರ್ಧ ದಾರಿಯಲ್ಲಿ ಒಂದೇ ಮಾತಾಡಿದಳು.

"ಹೇಳಿದ್ರೆ ಜೊತೇಲೇ ಹೋಗ್ತಿದ್ವಲ್ಲ ಅಕ್ಕಾ. ಆ ಬೆಂಚಿನ ಮೇಲೆ ಒಬ್ಬಳೇ ಕೂತು ಕೂತು ನನಗೂ ಹೆದರಿಕೆ ಆಗ್ತಿತ್ತು."

ಕತ್ತರಿಗೆ ಅವಳ ಮೇಲೆ ಅಂದಿನಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆರನೆಯ ದಿನ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಒಂದು ಕಿಲೋ ನೂರು ಗ್ರಾಮು. ಒಂದು ಅಂಗಿಯ ತೋಳಿನಲ್ಲಿ ಪೂರ್ತಿ ಮುಚ್ಚಿಹೋಗುವಷ್ಟು. ನಲವತ್ತೇಳು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಕತ್ತರಿ ನಲವತ್ತೇಳು ದಿನವೂ ಆ ಗಾಜಿನ ಪಕ್ಕದಲ್ಲಿದ್ದಳು. ದಿನಾ ಬೆಳಿಗ್ಗೆ ತೂಕ ಮಾಡುತ್ತಿದ್ದರು. ಹತ್ತು ಗ್ರಾಮು ಏರಿದ ದಿನ ಊಟ ಮಾಡುತ್ತಿದ್ದಳು, ಇಳಿದ ದಿನ ಇಲ್ಲ. ಒಂದು ಬೆಳಿಗ್ಗೆ ಪಕ್ಕದ ಪೆಟ್ಟಿಗೆಯ ಮಗು ಇಪ್ಪತ್ತು ಗ್ರಾಮು ಏರಿತೆಂದು ಅದರ ತಾಯಿ ನಕ್ಕಾಗ ಇವಳಿಗೆ ಹೊಟ್ಟೆ ಉರಿಯಿತು. ಉರಿದ ಮರುಕ್ಷಣವೇ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ನಾಚಿಕೆಯಾಯಿತು. ಆದರೂ ಉರಿದದ್ದು ಉರಿದದ್ದೇ.

ಮಗು ಉಳಿಯಿತು. ಮನೆಗೆ ಬಂದ ಎರಡನೆಯ ವಾರ ಕಿರಿಯವಳು ಹೆತ್ತಳು. ಅದೂ ಹೆಣ್ಣು, ಮೂರೂಕಾಲು ಕಿಲೋ, ತಿಂಗಳು ತುಂಬಿ, ಹೂವೆತ್ತಿದಂತೆ.

ಆರು ವಾರ ಕತ್ತರಿ ಹಲ್ಲು ಕಚ್ಚಿಕೊಂಡಿದ್ದಳು. ಅತ್ತೆ ಎರಡು ಮಕ್ಕಳಿಗೂ ಭೇದ ಮಾಡಲಿಲ್ಲ, ಅದು ನಿಜ. ಬೆಳಿಗ್ಗೆ ಇಬ್ಬರಿಗೂ ಎಣ್ಣೆ ಹಚ್ಚಿ, ಬಿಸಿಲು ಬೀಳುವ ಕಡೆ, ಕತ್ತರಿಸುವ ಮೇಜಿನ ಮೇಲೆ ಒಂದರ ಪಕ್ಕ ಒಂದು ಮಲಗಿಸುತ್ತಿದ್ದಳು. ಅದೇ ಕತ್ತರಿಗೆ ನುಂಗಲಾರದ ತುತ್ತಾಗಿತ್ತು. ಅದೇ ಮೇಜು, ಹದಿನೈದು ವರ್ಷ ಒಂದೇ ಅಳತೆಯ ಎರಡೆರಡು ಬಟ್ಟೆ ಕತ್ತರಿಸಿದ ಕೈ. ಎರಡು ತಿಂಗಳು ಹಿರಿಯಳಾದ ತನ್ನ ಮಗಳು ಕಿರಿಯವಳ ಮಗುವಿನ ಭುಜದ ತನಕ ಬರುತ್ತಿದ್ದಳು. ಕೆಲಸ ಮಾಡುವಾಗ ಕಣ್ಣು ಬೇಡವೆಂದರೂ ಅತ್ತ ಹೋಗಿ ಇಂಚು ಎಣಿಸಿಕೊಂಡು ಬರುತ್ತಿತ್ತು. ದೊಡ್ಡ ಆಸ್ಪತ್ರೆಯ ಹತ್ತಿರ ಡಾಕ್ಟರುಗಳ ಬಿಳಿ ಕೋಟು ಹೊಲಿಯುವ ಅಂಗಡಿಯವರು ಬಟ್ಟೆ ಕತ್ತರಿಸಲು ಒಳ್ಳೆಯ ಕಟರು ಬೇಕೆಂದು ಹುಡುಕುತ್ತಿದ್ದರು. ಅಂಗಡಿಯ ಮೇಲೊಂದು ಕೋಣೆಯೂ ಖಾಲಿ ಇತ್ತು. ಗಂಡ ಅದರ ಬೀಗದ ಕೈ ತಂದು ಅವಳ ಕೈಗಿಟ್ಟಿದ್ದ. ಅವಳು ಅದನ್ನು ಏಪ್ರನ್ನಿನ ಜೇಬಿನಲ್ಲಿ ಹಾಕಿಕೊಂಡು ತಿರುಗುತ್ತಿದ್ದಳು, ಏನೂ ತೀರ್ಮಾನ ಮಾಡಿರಲಿಲ್ಲ.

ಒಂದು ಬುಧವಾರ ಶಾಲೆಯ ಗುಮಾಸ್ತೆ ಸಮವಸ್ತ್ರ ಒಯ್ಯಲು ಬಂದವಳು ಮೇಜಿನ ಮೇಲಿನ ಮಕ್ಕಳನ್ನು ನೋಡಿ ಕೆನ್ನೆ ಹಿಂಡಿದಳು. ಕಿರಿಯವಳ ಮಗುವನ್ನು ತೋರಿಸಿ ಇದು ಅಕ್ಕ, ಅಲ್ಲವೇ ಎಂದಳು. ಇನ್ನೊಂದನ್ನು ತೋರಿಸಿ ಇದು ಯಾವಾಗ, ಈ ವಾರವೇ ಎಂದಳು. ಕಿರಿಯವಳು ಗುಂಡಿ ಹಚ್ಚುತ್ತಿದ್ದ ಕೈಯನ್ನು ನಿಲ್ಲಿಸಿ ತಲೆ ತಗ್ಗಿಸಿದಳು. ಅತ್ತೆ ಸುಮ್ಮನಿರಬಹುದಿತ್ತು.

"ಮೊದಲೇ ಬಾಯಿ ಬಿಟ್ಟಿದ್ರೆ ಇದೂ ಅದರ ಹಾಗೇ ಇರ್ತಿತ್ತು," ಎಂದಳು. "ಹೊಟ್ಟೆಕಿಚ್ಚಲ್ಲಿ ಮುಚ್ಚಿಟ್ಕೊಂಡ್ಲು."

ಕತ್ತರಿ ಬಟ್ಟೆಯ ನಡುವಿಗೆ ಬಂದಿದ್ದ ಕತ್ತರಿಯನ್ನು ಅಲ್ಲೇ ನಿಲ್ಲಿಸಿದಳು. ಕಿರುಚಲಿಲ್ಲ. ಕಿರುಚಿದ್ದರೆ ಅತ್ತೆಗೂ ಹಗುರಾಗುತ್ತಿತ್ತು.

"ಹೌದು ಅತ್ತೆ. ಹೊಟ್ಟೆಕಿಚ್ಚೇ. ಇವಳು ಹೀಗಾಗಿದ್ದು ನನ್ನಿಂದ, ಅದನ್ನ ನಾನು ಸಾಯೋ ತನಕ ಹೊರ್ತೀನಿ. ಆದರೆ ನನ್ನ ಮೊದಲಿನ ಎರಡಕ್ಕೆ ನೀವು ಒಂದೇ ಒಂದು ದಿನ ಅಂಗಡಿ ಮುಚ್ಚಿದ್ರೆ, ಈ ಮೇಜಿನ ಮೇಲೆ ಇವತ್ತು ಮಕ್ಕಳಿಗೆ ಜಾಗಾನೇ ಸಾಲ್ತಿರಲಿಲ್ಲ."

ಗುಮಾಸ್ತೆ ಸಮವಸ್ತ್ರದ ಗಂಟನ್ನು ಎಣಿಸುವ ನೆಪದಲ್ಲಿ ಬಗ್ಗಿದಳು. ಕತ್ತರಿ ಮಗಳನ್ನು ಎತ್ತಿ ಸುತ್ತಿಕೊಂಡಳು. ಮೊಳೆಯ ಮೇಲೆ ಈಗ ಎರಡು ಕಾರ್ಡುಗಳಿದ್ದವು. ತನ್ನ ಮಗಳದನ್ನು ಕಿತ್ತು ಚೀಲಕ್ಕೆ ಹಾಕಿದಳು. ಕತ್ತರಿಯನ್ನೂ ಹಾಕಿದಳು. ಇವತ್ತು ಇವಳ ತೂಕದ ದಿನ ಎಂದಳು.

"ಅಕ್ಕಾ, ಒಂದು ನಿಮಿಷ," ಎಂದು ಕಿರಿಯವಳು ಎದ್ದಳು. "ಇವತ್ತು ನನ್ನ ಮಗೂಗೂ ಸೂಜಿ ಇದೆ. ಬಟ್ಟೆ ಬದಲಾಯಿಸಿ ಬಂದೆ. ಜೊತೇಲಿ ಹೋಗೋಣ."

"ನೀನು ನಿಧಾನಕ್ಕೆ ಬಾ," ಎಂದಳು ಕತ್ತರಿ. "ಈ ಸಲ ನಾನು ಮೊದಲು."

ಕ್ಲಿನಿಕ್ಕಿನಲ್ಲಿ ಬೆಂಚು ಇನ್ನೂ ಖಾಲಿಯಿತ್ತು. ದಾದಿ ಮಗುವನ್ನು ತಕ್ಕಡಿಯ ತೊಟ್ಟಿಲಿನಲ್ಲಿಟ್ಟಳು. ಒಂದು ವಾರದಲ್ಲಿ ಇನ್ನೂರಹತ್ತು ಗ್ರಾಮು. ಕಾರ್ಡಿನ ಮೇಲೆ ಹಿಂದಿನ ಚುಕ್ಕೆಯಿಂದ ಇಂದಿನ ಚುಕ್ಕೆಗೆ ಗೆರೆ ಎಳೆದಳು. ಗೆರೆ ಮೇಲಕ್ಕೆ ಹೋಯಿತು. ಭೇಷ್ ಎಂದಳು.

"ನನ್ನ ಓರಗಿತ್ತಿ ಮಗೂದು ಹೋದ ಸಲ ಎಷ್ಟು ಏರಿತ್ತು?" ಎಂದು ಕೇಳಿದಳು ಕತ್ತರಿ. ಬಾಯಿಂದ ಜಾರಿಯೇ ಹೋಗಿತ್ತು.

ದಾದಿ ಪೆನ್ನಿನ ಮುಚ್ಚಳ ಹಾಕುತ್ತ ಅವಳನ್ನು ನೋಡಿದಳು. "ಅದು ಆ ಮಗುವಿನ ಕಾರ್ಡಲ್ಲಿದೆ," ಎಂದಳು. ಮುಂದಿನ ತಾರೀಕು ಬರೆದು ಕಾರ್ಡ್ ಕೊಟ್ಟಳು.

ಕಿಟಕಿಯ ಹೊರಗೆ, ಬೀದಿಯ ಆ ತುದಿಯಲ್ಲಿ ಕಿರಿಯವಳು ಬರುತ್ತಿದ್ದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಿಂದ ಬಿಸಿಲು ಮರೆಮಾಡಿ, ಬೆಂಚಿನ ಮೇಲೆ ಯಾರಾದರೂ ಕುಳಿತಿದ್ದಾರೆಯೇ ಎಂದು ದೂರದಿಂದಲೇ ಹಣಕಿ ನೋಡುತ್ತಿದ್ದಳು. ದುಂಡಗಿನ ಮಗು, ಅಷ್ಟು ದೂರಕ್ಕೂ ದುಂಡಗೆ ಕಾಣುತ್ತಿತ್ತು.

ಕತ್ತರಿ ಕಾರ್ಡನ್ನು ಮಡಿಸಿ ಎದೆಗೆ ಸಿಕ್ಕಿಸಿಕೊಂಡಳು. ಔಷಧಿ ಕೊಡುವ ಕಡೆಯ ಹಿಂದಿನ ಬಾಗಿಲಿನಿಂದ ಹೊರಬಿದ್ದಳು. ಮನೆಗೆ ಹೋಗುವ ದಾರಿ ಎಡಕ್ಕಿತ್ತು. ಅವಳು ಏಪ್ರನ್ನಿನ ಜೇಬಿನಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡು ಬಲಕ್ಕೆ, ದೊಡ್ಡ ಆಸ್ಪತ್ರೆಯ ದಾರಿಗೆ ತಿರುಗಿದಳು. ಅರ್ಧ ಕತ್ತರಿಸಿದ ನೀಲಿ ಬಟ್ಟೆ ಆ ಮೇಜಿನ ಮೇಲೆ ಅವಳಿಗಾಗಿ ಎಷ್ಟು ದಿನ ಕಾಯಿತೋ, ಅವಳು ಅತ್ತೆಯ ಅಂಗಡಿಗೆ ಮತ್ತೆ ಬರಲಿಲ್ಲ.